ಒಣ ಮರುಸಂಸ್ಕರಣೆ

ರಿಯಾಕ್ಟರಿನಲ್ಲಿ ಬಳಕೆಯಾದ ಇಂಧನದಿಂದ ಯುರೇನಿಯಂ, ಪ್ಲುಟೋನಿಯಂಗಳನ್ನು ನೀರು ಸೋಕಿಸದೆ, ಹೆಚ್ಚಿನ ಉಷ್ಣತೆಯಲ್ಲಿ ಬೇರ್ಪಡಿಸುವ ವಿಧಾನಗಳಿಗೆ ಈ ಹೆಸರು. ರೂಢಿಯಲ್ಲಿರುವ ಪ್ಯೂರೆಕ್ಸ್ ವಿಧಾನದಲ್ಲಿ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸಾವಯವ ದ್ರಾವಕದಿಂದ ಈ ಎರಡನ್ನೂ ಬಹು ಶುದ್ಧವಾಗಿ ತೆಗೆಯುತ್ತಾರೆ. ಒಣ ವಿಧಾನಕ್ಕೆ ಅಷ್ಟು ಶುದ್ಧಿ ದಕ್ಕುವುದಿಲ್ಲ. ಆದರೆ ಅದು ಹುಟ್ಟಿದ್ದು ಅರೆಶುದ್ಧ ಇಂಧನವನ್ನೂ ಸಹಿಸಬಲ್ಲ, ವೇಗದ ನ್ಯೂಟ್ರಾನ್‌ಗಳಿಂದ ನಡೆಯುವ ರಿಯಾಕ್ಟರಿಗಾಗಿ, ಅಂದರೆ ವೇಗದ ರಿಯಾಕ್ಟರಿಗಾಗಿ. ಇಂಧನದಲ್ಲಿ ಉಳಿದ ವಿದಳನ ಉತ್ಪನ್ನಗಳು ವೇಗದ ನ್ಯೂಟ್ರಾನ್‌ಗಳನ್ನು ಹೀರುವುದು ಕಡಿಮೆ. ಆದ್ದರಿಂದ ವೇಗದ ರಿಯಾಕ್ಟರಿನಿಂದ ಬೇರ್ಪಡಿಸಿ ಈ ವಿಧಾನದ ಬೆಲೆ ಕಟ್ಟಲಾಗದು.

ಅಮೆರಿಕದ ಐಡಾಹೊದಲ್ಲಿದ್ದ ಇಬಿಆರ್-2 ಎಂಬ ವೇಗದ ರಿಯಾಕ್ಟರ್ ಇದಕ್ಕೆ ಗಟ್ಟಿ ಸಾಕ್ಷಿ. 1964ರಿಂದ 1969ರವರೆಗೆ ರಿಯಾಕ್ಟರಿನ ಪಕ್ಕದಲ್ಲೇ, ಆರ್ಗಾನ್ ತುಂಬಿದ ಕೋಣೆಯೊಳಗೆ, ಲೋಹ ಇಂಧನವನ್ನು ಜಿರ್ಕೋನಿಯಾ ಮೂಸೆಗಳಲ್ಲಿ ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಮತ್ತೆ ಕಡ್ಡಿಗಳಾಗಿ ಎರಕ ಹೊಯ್ದು ರಿಯಾಕ್ಟರಿಗೆ ಮರಳಿಸಿದರು. ಹೀಗೆ ತಯಾರಾದ ಕಡ್ಡಿಗಳು 30,000ಕ್ಕೂ ಹೆಚ್ಚು. ವಿದಳನ ಉತ್ಪನ್ನಗಳಾದ ಮಾಲಿಬ್ಡಿನಂ, ರುಥೇನಿಯಂಗಳು ಲೋಹದಲ್ಲೇ ಉಳಿಯುತ್ತವೆಂದು ಗೊತ್ತಿದ್ದುದರಿಂದ, ಹೊಸ ಇಂಧನಕ್ಕೂ ಅವನ್ನು ಮೊದಲೇ ಬೆರೆಸಿದ್ದರು. 1984ರಿಂದ ಈ ಇಂಧನಕ್ಕಾಗಿ ವಿದ್ಯುತ್ ಶುದ್ಧೀಕರಣ ರೂಪುಗೊಂಡಿತು. ತುಂಡರಿಸಿದ ಕಡ್ಡಿಗಳನ್ನು ಉಕ್ಕಿನ ಬುಟ್ಟಿಯಲ್ಲಿಟ್ಟು, 500 ಡಿಗ್ರಿಯಲ್ಲಿ ಕರಗಿದ ಲಿಥಿಯಂ-ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದರೆ, ಯುರೇನಿಯಂ ಉಕ್ಕಿನ ಋಣಾಗ್ರದ ಮೇಲೆ ಮುಳ್ಳುಮುಳ್ಳಾದ ಹರಳುಗಳಾಗಿ ಬೆಳೆಯುತ್ತದೆ. ಪ್ಲುಟೋನಿಯಂ ಹಿಡಿಯಲು ದ್ರವ ಕ್ಯಾಡ್ಮಿಯಂ ಬೇಕು. ಅದರಲ್ಲಿ ಯುರೇನಿಯಂ, ಅಮೆರಿಸಿಯಂ, ಒಂದಷ್ಟು ವಿರಳ ಮೃತ್ತಿಕಾ ಲೋಹಗಳೂ ಜೊತೆಗೇ ಬರುತ್ತವೆ. ಸೀಸಿಯಂ, ಸ್ಟ್ರಾಂಷಿಯಂ ಲವಣದಲ್ಲೇ ಉಳಿಯುತ್ತವೆ. 1994ರಲ್ಲಿ ರಿಯಾಕ್ಟರ್ ನಿಂತಿತು. ಆಮೇಲೆ ಅದೇ ಉಪಕರಣಗಳು ಸೋಡಿಯಂ ಸೇರಿದ ಹಳೆಯ ಇಂಧನವನ್ನು ವಿಲೇವಾರಿಗೆ ಸಜ್ಜುಗೊಳಿಸುವ ಕೆಲಸಕ್ಕೆ ತಿರುಗಿದವು. ಯುರೇನಿಯಂ ಮರಳಿ ದೊರೆತರೂ ಪ್ಲುಟೋನಿಯಂ ಲವಣದೊಂದಿಗೆ ತ್ಯಾಜ್ಯದ ಪಾಲಾಯಿತು. ತಂತ್ರ ಸೋತದ್ದಲ್ಲ, ಆ ಇಂಧನವನ್ನು ಉರಿಸುವ ರಿಯಾಕ್ಟರ್ ಇಲ್ಲವಾಯಿತು.

ಸಾಮಾನ್ಯ ರಿಯಾಕ್ಟರುಗಳ ಆಕ್ಸೈಡ್ ಇಂಧನಕ್ಕೂ ಈ ವಿಧಾನ ಸಲ್ಲುವುದಲ್ಲವೇ ಎಂಬ ಆಕ್ಷೇಪವಿದೆ. ಆಕ್ಸೈಡನ್ನು ಮೊದಲು ಲೋಹಕ್ಕೆ ಇಳಿಸಿದರೆ ಸಲ್ಲುತ್ತದೆ, ನಿಜ. ಆದರೆ ದೊರೆಯುವ ಮಿಶ್ರಣದಲ್ಲಿ ಉಳಿದ ವಿರಳ ಮೃತ್ತಿಕಾ ಲೋಹಗಳು ನಿಧಾನ ನ್ಯೂಟ್ರಾನ್‌ಗಳನ್ನು ನುಂಗುವುದರಿಂದ, ಅದಕ್ಕೂ ಕೊನೆಗೆ ವೇಗದ ರಿಯಾಕ್ಟರೇ ಆಸರೆ. ಪ್ಲುಟೋನಿಯಂ ಒಂಟಿಯಾಗಿ ದೊರೆಯದ ಕಾರಣ ಬಾಂಬಿನ ಭಯವಿಲ್ಲ ಎಂಬ ವಾದವನ್ನೂ ಎಚ್ಚರದಿಂದಲೇ ಒಪ್ಪಬೇಕು: ತೀವ್ರ ವಿಕಿರಣ ಕಳವಿಗೆ ಅಡ್ಡಿಯಾದೀತು, ಉಪಕರಣ ಯಾರ ವಶದಲ್ಲಿದೆಯೋ ಆ ಸರ್ಕಾರದ ಇರಾದೆಗೆ ಅಡ್ಡಿಯಾಗದು. ಭಾರತದಲ್ಲಿ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ ಲೋಹ ಇಂಧನವನ್ನು ಗುರಿಯಾಗಿಟ್ಟುಕೊಂಡು ಈ ಸಂಶೋಧನೆ ನಡೆಸಿದೆ. ಅಲ್ಲಿನ ಪ್ರಾಯೋಗಿಕ ವೇಗದ ರಿಯಾಕ್ಟರಿನ ಕಾರ್ಬೈಡ್ ಇಂಧನವನ್ನು ಮಾತ್ರ ಆಮ್ಲದ ಹಾದಿಯಲ್ಲೇ ಸಂಸ್ಕರಿಸಲಾಗಿದೆ.