ತೈಲ ಕಲುಷಿತ ಮಣ್ಣಿನ ಸಸ್ಯಶುದ್ಧಿ

ಕಚ್ಚಾ ತೈಲ, ಡೀಸೆಲ್ ಇಂಗಿದ ನೆಲದಲ್ಲಿ ಹುಲ್ಲು, ದ್ವಿದಳ ಸಸ್ಯ ಅಥವಾ ಮರ ಬೆಳೆಸಿ ಮಣ್ಣನ್ನು ತಿಳಿಗೊಳಿಸುವ ವಿಧಾನ. ಫೈಟೊರೆಮಿಡಿಯೇಶನ್ ಎಂಬ ಹೆಸರು ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಗಿಡ ಎಣ್ಣೆಯನ್ನು ಹೀರಿ ತನ್ನಲ್ಲಿ ತುಂಬಿಕೊಳ್ಳುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಕ್ಕಲ್, ಸತುವಿನ ಮಟ್ಟಿಗೆ ಆ ಮಾತು ಕೆಲವು ಗಿಡಗಳಿಗೆ ಸಲ್ಲುತ್ತದೆ. ಆದರೆ ಎಣ್ಣೆಯನ್ನು ಮುಖ್ಯವಾಗಿ ಅರಗಿಸುವುದು ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳು; ಬೇರು ಸಕ್ಕರೆ, ಆಮ್ಲಗಳನ್ನು ಒಸರಿ ಅವನ್ನು ಸಾಕುತ್ತದೆ, ಮಣ್ಣನ್ನು ಸೀಳಿ ಗಾಳಿಯಾಡಲು ದಾರಿ ಮಾಡುತ್ತದೆ.

ಈ ವಿಧಾನದ ಚರಿತ್ರೆಯ ಮೊದಲ ಎಳೆಗೆ ಎಣ್ಣೆಯ ಸೋಂಕೇ ಇಲ್ಲ. 1904ರಲ್ಲಿ ಜರ್ಮನಿಯ ಲೊರೆಂಟ್ಸ್ ಹಿಲ್ಟ್ನರ್ ಬೇರಿನ ಪ್ರಭಾವಕ್ಕೆ ಒಳಗಾದ ಮಣ್ಣನ್ನು ‘ರೈಜೋಸ್ಫಿಯರ್’ ಎಂದು ಕರೆದರು. ಹೈಡ್ರೊಕಾರ್ಬನ್ ತಿನ್ನುವ ಸೂಕ್ಷ್ಮಜೀವಿಗಳ ಕುರಿತ ಕ್ಲಾಡ್ ಜೊಬೆಲ್ ಅವರ ವಿಸ್ತೃತ ಸಮೀಕ್ಷೆ ಬಂದದ್ದು 1946ರಲ್ಲಿ. ಎರಡೂ ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳಲು ಮತ್ತೆ ನಾಲ್ಕು ದಶಕ ಹಿಡಿಯಿತು: 1990ರಲ್ಲಿ ಅಮೆರಿಕದ ಸಂಶೋಧಕರಾದ ಏಪ್ರಿಲ್ ಮತ್ತು ಸಿಮ್ಸ್ ಪ್ರೇರಿ ಬಯಲಿನ ಎಂಟು ಬಗೆಯ ಹುಲ್ಲು ಬೆಳೆಸಿ, ಟಾರಿನಲ್ಲೂ ತೈಲದಲ್ಲೂ ಇರುವ ಉಂಗುರ ರಚನೆಯ ಹೈಡ್ರೊಕಾರ್ಬನ್‌ಗಳು ಬರಿ ಮಣ್ಣಿಗಿಂತ ಹುಲ್ಲಿದ್ದ ಮಣ್ಣಿನಲ್ಲಿ ಹೆಚ್ಚು ಕರಗುವುದನ್ನು ತೋರಿಸಿದರು.

ಮನಸ್ಸಿಗೆ ನಾಟುವ ಸಾಕ್ಷ್ಯ ಸಿಕ್ಕಿದ್ದು ಪ್ರಯೋಗಶಾಲೆಯ ಹೊರಗೆ. 1991ರಲ್ಲಿ ಹಿಮ್ಮೆಟ್ಟುತ್ತಿದ್ದ ಇರಾಕಿ ಸೈನ್ಯ ಕುವೈತಿನ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಉರಿಯದೆ ಹರಿದ ಎಣ್ಣೆ ಮರಳಿನ ಮೇಲೆ ಕೆರೆಗಟ್ಟಿ ನಿಂತಿತು. ಆ ಕಪ್ಪು ನೆಲದ ಅಂಚಿನಲ್ಲಿ ಸೇವಂತಿಗೆ ಕುಟುಂಬದ ಸೆನೆಸಿಯೊ ಎಂಬ ಕಾಡುಗಿಡ ತಾನಾಗಿ ಚಿಗುರಿತ್ತು. ಕುವೈತ್ ವಿಶ್ವವಿದ್ಯಾಲಯದ ಸಮೀರ್ ರದ್ವಾನ್ ಮತ್ತು ಸಂಗಡಿಗರು ಕಿತ್ತು ನೋಡಿದರೆ, ಎಣ್ಣೆ ಮೆತ್ತಿದ ಮರಳಿನೊಳಗಿನ ಬೇರು ಬೆಳ್ಳಗೆ, ಶುಭ್ರವಾಗಿತ್ತು. ಬೇರಿಗೆ ಅಂಟಿದ ಮರಳಿನಲ್ಲಿ ತೈಲಭಕ್ಷಕ ಸೂಕ್ಷ್ಮಜೀವಿಗಳು ಕಿಕ್ಕಿರಿದಿದ್ದವು. 1995ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು.

ವಿಧಾನ ಅಗ್ಗ, ಆದರೆ ನಿಧಾನ. ಬೇರು ಇಳಿಯದ ಆಳದಲ್ಲಿ ಕೆಲಸ ಸಾಗದು. ಎಣ್ಣೆ ಹೆಚ್ಚಾದರೆ ಮಣ್ಣು ನೀರನ್ನೇ ಒಲ್ಲದು, ಬೀಜ ಮೊಳೆಯದು. ಇಂಗಾಲ ಹೇರಳವಾಗಿ ಸಿಕ್ಕ ಸೂಕ್ಷ್ಮಜೀವಿಗಳು ಸಾರಜನಕವನ್ನೆಲ್ಲ ಬಳಸಿಬಿಡುವುದರಿಂದ ಗಿಡ ಹಳದಿಗಟ್ಟುತ್ತದೆ, ಗೊಬ್ಬರ ಕೊಡಬೇಕಾಗುತ್ತದೆ.

ಗಿಡದ ಆಯ್ಕೆಯೂ ಮುಖ್ಯ. ಗುಂಡ್ಲುಪೇಟೆಯ ರೈತರು ಬದುಗಳ ಮೇಲೆ ಬಹುಕಾಲದಿಂದ ಬೆಳೆಸಿಕೊಂಡು ಬಂದ ಲಾವಂಚ, ಮಣ್ಣು ಕೊಚ್ಚಿಹೋಗದಂತೆ ತಡೆಯುವುದರಲ್ಲಿ ಜಗತ್ತಿಗೇ ಹೆಸರಾಯಿತು. ಅದನ್ನು ವೆನೆಜುವೆಲಾದ ತೈಲ ಕಲುಷಿತ ಮಣ್ಣಿಗೂ ಒಡ್ಡಿ ನೋಡಲಾಯಿತು. ಲಾವಂಚ ಸಾಯಲಿಲ್ಲ, ಗಿಡ್ಡವಾಯಿತು. ಎಣ್ಣೆ ಮಾತ್ರ ಅದಿದ್ದ ಕುಂಡದಲ್ಲೂ ಇಲ್ಲದ ಕುಂಡದಲ್ಲೂ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು.