ಮಟ್ಟು

ಕನ್ನಡಿಗರ ಬಾಯಲ್ಲಿ ದಿನವೂ ಸವೆಯುತ್ತಿದ್ದರೂ ತಮ್ಮ ಅರ್ಥಸಂಪತ್ತನ್ನು ಕಳೆದುಕೊಳ್ಳದ ಶಬ್ದಗಳಲ್ಲಿ ‘ಮಟ್ಟು’ ಒಂದು. ‘ನನ್ನ ಮಟ್ಟಿಗೆ’, ‘ಸಾಧ್ಯವಾದ ಮಟ್ಟಿಗೆ’ ಎನ್ನುವಾಗ ಅದು ಮಿತಿಯನ್ನೂ ಪ್ರಮಾಣವನ್ನೂ ಸೂಚಿಸುತ್ತದೆ; ಹಾಡುವವರ ನಾಲಗೆಗೆ ಬಂದೊಡನೆ ರಾಗ, ತಾಳ, ನಡಿಗೆಗಳು ಕೂಡಿ ಆದ ಧಾಟಿಗೆ ಹೆಸರಾಗುತ್ತದೆ. ಈ ಎರಡು ಅರ್ಥಗಳೂ ಪರಸ್ಪರ ದೂರವಾದುವಲ್ಲ. ಹಾಡಿನಿಂದ ಪದಗಳನ್ನು ತೆಗೆದ ಮೇಲೂ ಉಳಿಯುವ ಅಳತೆಯೇ ಮಟ್ಟು. ಅದರೊಳಗೆ ಹೊಸ ಪದಗಳನ್ನು ತುಂಬಬಯಸುವವನು, ಕೊಳಗದಲ್ಲಿ ರಾಗಿಯನ್ನು ಅಳೆಯುವ ರೈತನಂತೆ, ಹೆಚ್ಚೂ ಆಗದ ಕಡಿಮೆಯೂ ಆಗದ ಎಚ್ಚರದಿಂದ ತುಂಬಬೇಕು.

ನೆಲಮಂಗಲದ ಸುತ್ತಣ ಹಳ್ಳಿಗಳಲ್ಲಿ ಈ ಶಬ್ದಕ್ಕೆ ಆಶ್ರಯವಿತ್ತದ್ದು ಪೌರಾಣಿಕ ನಾಟಕ. ತುಮಕೂರನ್ನು ದಾಟಿದರೆ ಸಿಕ್ಕುವ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಹೆಸರಿನಿಂದ ನಾಡೆಲ್ಲ ಪ್ರಸಿದ್ಧವಾದ ಮಂಡಲಿಯ ರಂಗಪ್ರೀತಿಯು ಈ ಸೀಮೆಯವರಿಗೂ ಅಂಟಿ, ‘ಕುರುಕ್ಷೇತ್ರ’ವನ್ನು ಆಡದ ಊರು ಇಲ್ಲಿ ವಿರಳವೆನ್ನುವಷ್ಟಾಯಿತು. ಹಾರ್ಮೋನಿಯಂ ಮುಂದೆ ಕುಳಿತ ಮೇಷ್ಟ್ರು, ಹಗಲೆಲ್ಲ ಹೊಲದಲ್ಲಿ ದುಡಿದು ಬಂದು ಅರ್ಜುನನ ಪಾತ್ರವನ್ನು ಕಲಿಯುವ ಯುವಕನಿಗೆ, “ಪದ ಮರೆತರೂ ಪರವಾಗಿಲ್ಲ ಕಣಪ್ಪ, ಮಟ್ಟು ಬಿಡಬೇಡ” ಎಂದು ಹೇಳುವಾಗ ಒಂದು ಶಾಸ್ತ್ರವನ್ನೇ ಒಂದು ವಾಕ್ಯದಲ್ಲಿ ಉಪದೇಶಿಸಿದಂತಾಗುತ್ತದೆ. ಹಳೆಯ ನಾಟಕದ ಪುಸ್ತಕಗಳನ್ನು ತೆರೆದು ನೋಡಿದರೆ, ಹಾಡಿನ ನೆತ್ತಿಯ ಮೇಲೆ ಮೂಲಗೀತೆಯ ಮೊದಲ ಮಾತುಗಳನ್ನಿತ್ತು ‘ಎಂಬ ಮಟ್ಟು’ ಎಂದು ಅಚ್ಚುಹಾಕಿರುವುದು ಕಾಣುತ್ತದೆ. ಹಾಡುವವನಿಗೆ ಅದು ದಾರಿ ತೋರುವ ಸೂಚನೆ; ಸಹೃದಯನಿಗೆ ಅದು ಋಣಸ್ಮರಣೆ.

ನನ್ನ ಸಿ.ಡಿ. ಸಂಗ್ರಹದಿಂದ 2003ರ ಒಂದು ರೀಮಿಕ್ಸನ್ನು ಬಹುಕಾಲದ ಮೇಲೆ ಮತ್ತೆ ಕೇಳಿದಾಗ ನನಗೆ ಈ ಶಬ್ದವೇ ನೆನಪಾಯಿತು. ಇಂಗ್ಲೆಂಡಿನ ಪಂಜಾಬಿ ಎಂ.ಸಿ. ಎಂಬ ಕಲಾವಿದರು 1998ರಲ್ಲಿ ಹೊರತಂದ ‘ಮುಂಡಿಯಾಂ ತೋ ಬಚ್ ಕೇ’ ಎಂಬ ಪಂಜಾಬಿ ಹಾಡಿಗೆ ಅಮೆರಿಕದ ಜೇ-ಝೀ ತಮ್ಮ ರ‍್ಯಾಪನ್ನು ಸೇರಿಸಿದ ಆವೃತ್ತಿ ಅದು. ‘ನೈಟ್ ರೈಡರ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯ ಶೀರ್ಷಿಕೆ ಸಂಗೀತ ಅದರ ತಳದಲ್ಲಿ ಗುನುಗುತ್ತದೆ. ಒಂಟಿ ತಂತಿಯ ತುಂಬಿವಾದ್ಯ ಅದರ ಮೇಲೆ ಮಿಡಿಯುತ್ತದೆ. ಇವೆಲ್ಲದರ ನಡುವೆ ಪಂಜಾಬಿನ ಮಣ್ಣಿನ ತುಂಬುಕಂಠವೊಂದು ಏರಿಬರುತ್ತದೆ. ಮೂರು ದೇಶಗಳು ಒಂದು ತಾಳಕ್ಕೆ ಹೆಜ್ಜೆಯಿಡುವ ಆ ಸಂಯೋಗವನ್ನು ನಾನು ಅಂದು ಮೆಚ್ಚಿದ್ದೆ. ಇಂದು ಇನ್ನೂ ಹೆಚ್ಚಾಗಿ ಮೆಚ್ಚುತ್ತೇನೆ.

ಹಾಗಾದರೆ ರೀಮಿಕ್ಸಿಗೆ ‘ಮಟ್ಟು’ ಎನ್ನಬಹುದೆ? ವಿಚಾರಿಸಿ ನೋಡಿದರೆ ಎರಡರ ಗತಿಯೂ ವಿಪರೀತವಾದದ್ದು. ನಾಟಕದವರು ಮಟ್ಟನ್ನು ಉಳಿಸಿಕೊಂಡು ಪದವನ್ನೂ ಕಂಠವನ್ನೂ ಬದಲಿಸುತ್ತಾರೆ. ರೀಮಿಕ್ಸಿನವರು ಕಂಠವನ್ನು ಇದ್ದಂತೆಯೇ ಉಳಿಸಿಕೊಂಡು ಅದರ ಸುತ್ತಣ ತಾಳವಾದ್ಯಗಳನ್ನು ಬದಲಿಸುತ್ತಾರೆ. ಮೊದಲನೆಯವರು ಕಡ ತರುವುದು ಯಾರ ಉಸಿರೂ ಇಲ್ಲದ ಒಂದು ಅಳತೆಯನ್ನು. ಎರಡನೆಯವರು ಕಡ ತರುವುದಾದರೋ ಒಬ್ಬ ಮನುಷ್ಯನ ಉಸಿರನ್ನೇ. ಆದುದರಿಂದ ರೀಮಿಕ್ಸಿನ ಋಣ ಮಟ್ಟಿನ ಋಣಕ್ಕಿಂತ ಗುರುತರವಾದುದು.

ಆದರೆ ಋಣಸ್ಮರಣೆಯಲ್ಲಿ ಆ ಗುರುತ್ವ ಕಾಣುವುದಿಲ್ಲ. ಆ ಆವೃತ್ತಿಯೊಡನೆ ಲೋಕವೆಲ್ಲ ಹರಡಿದ ಹೆಸರುಗಳು ಪಂಜಾಬಿ ಎಂ.ಸಿ. ಮತ್ತು ಜೇ-ಝೀ ಎಂಬವು. ಹಾಡಿದ ಕಂಠ ಲಾಭ್ ಜಂಜುವಾ ಅವರದು. 2014ರ ‘ಕ್ವೀನ್’ ಹಿಂದೀ ಚಿತ್ರದ ಮದುವೆಯ ಹಾಡಿನಲ್ಲಿಯೂ ಕೇಳಿಬಂದ ಆ ಕಂಠ 2015ರಲ್ಲಿ ಮೌನವಾಯಿತು. ಅದಕ್ಕೆ ಕುಣಿದವರು ಅಸಂಖ್ಯರು. ಹೆಸರನ್ನು ಬಲ್ಲವರು ಅತ್ಯಲ್ಪರು.

ಇಂದು ನಮ್ಮ ಸೀಮೆಯ ಗಣೇಶೋತ್ಸವದ ಮೆರವಣಿಗೆಗಳಲ್ಲಿ ಜಾನಪದ ಗಾಯಕರ ದನಿಗಳಿಗೂ ಡಿ.ಜೆ.ಯ ಬಡಿತ ಸೇರುತ್ತಿದೆ. ಹಳೆಯದು ಹೊಸ ಕಿವಿಗಳನ್ನು ಸೇರುವುದು ಶುಭವೇ; ಅದನ್ನು ತಡೆಯಬೇಕೆಂಬವನು ನಾನಲ್ಲ. ನನ್ನ ಪ್ರಾರ್ಥನೆ ಒಂದೇ. ಹೊಸ ಸಂಯೋಜನೆಯ ಮೇಲೆ, ನಮ್ಮ ನಾಟಕದ ಪುಸ್ತಕಗಳಲ್ಲಿ ‘ಎಂಬ ಮಟ್ಟು’ ಎಂದು ಅಚ್ಚಾಗುತ್ತಿದ್ದ ಸ್ಥಳದಲ್ಲಿಯೇ, ‘ಇಂಥವರ ಕಂಠ’ ಎಂಬ ಒಂದು ಸಾಲನ್ನು ಬರೆಯಲಿ. ಮಟ್ಟು ಎಂದರೆ ಮಿತಿಯೂ ಹೌದಷ್ಟೆ: ಪರರದನ್ನು ಬಳಸುವ ಸ್ವಾತಂತ್ರ್ಯಕ್ಕೆ ಇರಬೇಕಾದ ಮಿತಿ ಅವರ ಹೆಸರನ್ನು ಹೇಳುವುದು.