ಟರ್ಮಿನಲ್ಲಿನಿಂದ ಕೆಲಸವನ್ನು ಬೇರ್ಪಡಿಸುವ ಕ್ರಮ: ಒಂದು ಚಾರಿತ್ರಿಕ ವಿವೇಚನೆ

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಣ ಹೆದ್ದಾರಿಯ ಮೇಲಿರುವ ತೆರಕಣಾಂಬಿಯು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ಪ್ರಕೃತ ಲೇಖನಕ್ಕೆ ಅದು ಕಾರಣವಾದುದು ಮಾತ್ರ ಬೇರೊಂದು ಬಗೆಯಿಂದ. ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಅಲ್ಲಿ ತಂಗಿದ್ದಾಗ, ದೂರದ ನಗರದ ಗಣಕವೊಂದನ್ನು ಅಂತರ್ಜಾಲದ ಮೂಲಕ ಪ್ರವೇಶಿಸಿ ದೀರ್ಘವಾದೊಂದು ಲೆಕ್ಕವನ್ನು ಅದಕ್ಕೆ ಒಪ್ಪಿಸಿದ್ದೆನು. ಸಂಜೆಯ ಮಳೆಗೆ ವಿದ್ಯುತ್ತು ಹೋಯಿತು, ಸಂಪರ್ಕವೂ ಕಡಿಯಿತು. ಮರಳಿ ಪ್ರವೇಶಿಸಿ ನೋಡಲಾಗಿ ಒಂಬತ್ತು ಗಂಟೆಗಳ ಕೆಲಸ ಹೇಳಹೆಸರಿಲ್ಲದಂತೆ ಅಳಿದುಹೋಗಿತ್ತು. ದೂರದ ಗಣಕಕ್ಕೆ ಯಾವ ಬಾಧೆಯೂ ತಟ್ಟಿರಲಿಲ್ಲ. ಅದು ಕ್ಷಣಕಾಲವೂ ನಿಂತಿರಲಿಲ್ಲ. ತೆರಕಣಾಂಬಿಯಲ್ಲಿ ದೀಪ ಆರಿದರೆ ಅಲ್ಲಿಯ ಲೆಕ್ಕವೇಕೆ ಸಾಯಬೇಕು? ಈ ಪ್ರಶ್ನೆಗೆ ಉತ್ತರವಿರುವುದು ಯಂತ್ರದಲ್ಲಿ ಅಲ್ಲ, ಅದರ ಚರಿತ್ರೆಯಲ್ಲಿ.

ಇಂತಹ ಆಪತ್ತಿಗೆ ಇಂದು ಬಳಕೆಯಲ್ಲಿರುವ ಪರಿಹಾರವೆಂದರೆ ಟರ್ಮಿನಲ್ ಮಲ್ಟಿಪ್ಲೆಕ್ಸರ್ ಎಂಬ ಜಾತಿಯ ತಂತ್ರಾಂಶಗಳು. ಒಂದೇ ಟರ್ಮಿನಲ್ಲನ್ನು ಹಲವು ಕೆಲಸಗಳಿಗೆ ಹಂಚಿಕೊಡುವುದು ಅವುಗಳ ಒಂದು ಗುಣ. ಕೆಲಸವನ್ನು ಟರ್ಮಿನಲ್ಲಿನಿಂದ ಬಿಡಿಸಿಟ್ಟು, ಬೇಕಾದಾಗ ಮತ್ತೆ ಕೂಡಿಸಿಕೊಳ್ಳಲು ಎಡೆಗೊಡುವುದು ಇನ್ನೊಂದು ಗುಣ. ಇವುಗಳ ಚರಿತ್ರೆಯನ್ನು 1987ರಲ್ಲಿ ಪ್ರಕಟವಾದ ‘ಸ್ಕ್ರೀನ್’ ಎಂಬ ತಂತ್ರಾಂಶದಿಂದ ಆರಂಭಿಸುವುದು ವಾಡಿಕೆಯಾಗಿದೆ. ಮೊದಲನೆಯ ಗುಣದ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದೇ. ಎರಡನೆಯದರ ಮಟ್ಟಿಗೆ ಅದು ಸರಿಯಲ್ಲ. ಬಿಡಿಸಿಡುವ ಕ್ರಮವು ಅದಕ್ಕಿಂತ ಹಳೆಯದು. ನಡುವೆ ಅದು ಕಳೆದುಹೋಗಿತ್ತು.

ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತಯಾರಿಸಿದ ಪಿಡಿಪಿ-10 ಮನೆತನದ ಗಣಕಗಳಲ್ಲಿ ಟಾಪ್ಸ್-10 ಎಂಬ ಕಾರ್ಯವ್ಯವಸ್ಥೆಯಿತ್ತು. ಅದರಲ್ಲಿ ಪ್ರತಿಯೊಬ್ಬನ ಕೆಲಸಕ್ಕೂ ಒಂದು ಸಂಖ್ಯೆ. ‘ಡಿಟ್ಯಾಚ್’ ಎಂದು ಟೈಪು ಮಾಡಿದರೆ ಕೆಲಸವು ಟರ್ಮಿನಲ್ಲನ್ನು ಬಿಟ್ಟುಕೊಡುತ್ತಿತ್ತು. ಬೇರೊಂದು ಟರ್ಮಿನಲ್ಲಿನಲ್ಲಿ ಕುಳಿತು ‘ಅಟ್ಯಾಚ್’ ಎಂದು ಆ ಸಂಖ್ಯೆಯನ್ನು ಕೊಟ್ಟರೆ ಮರಳಿ ಕೈಗೆ ಬರುತ್ತಿತ್ತು. ಈ ಮನೆತನದ ಡೆಕ್-1090 ಯಂತ್ರವು 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂದರೆ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವಲ್ಲಿ, ಕೆಲಸ ಮಾಡುತ್ತಿತ್ತು. ನಮ್ಮ ನಾಡಿನ ಸಂಶೋಧಕರ ಒಂದು ತಲೆಮಾರು ತನ್ನ ಲೆಕ್ಕಗಳನ್ನು ಮಾಡಿದುದು ಅದರ ಮೇಲೆ. ಇಂದು ವಿದ್ಯಾರ್ಥಿಗಳು ಹೊಸತೆಂದು ಕಲಿಯುವ ಸೌಕರ್ಯವು ಹೀಗೆ ಅವರ ಗುರುಗಳ ಯಂತ್ರದಲ್ಲಿಯೇ ಇದ್ದಿತೆಂಬುದು ಗಮನಾರ್ಹ.

ಯುನಿಕ್ಸ್ ವ್ಯವಸ್ಥೆಯ ಮಾರ್ಗ ಬೇರೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಅದು ಕೆಲಸವನ್ನು ಟರ್ಮಿನಲ್ಲಿಗೆ ಕಟ್ಟಿಹಾಕಿತು. ಅಂದಿನ ಟರ್ಮಿನಲ್ ಎಂದರೆ ಬಹುಮಟ್ಟಿಗೆ ದೂರವಾಣಿಯ ತಂತಿಯ ತುದಿಗಿದ್ದ ಟೆಲಿಟೈಪ್ ಯಂತ್ರ. ದೂರವಾಣಿಯನ್ನು ಕೆಳಗಿಟ್ಟರೆ, ಅಥವಾ ತಂತಿ ಕಡಿದರೆ, ವ್ಯವಸ್ಥೆಯು ಆ ಟರ್ಮಿನಲ್ಲಿಗೆ ಸೇರಿದ ಕೆಲಸಗಳಿಗೆ ‘ಹ್ಯಾಂಗಪ್’ ಎಂಬ ಸಂಕೇತವನ್ನು ಕಳುಹಿಸುತ್ತದೆ. ಸಂಕೇತಗಳ ಪಟ್ಟಿಯಲ್ಲಿ ಇದರದೇ ಒಂದನೆಯ ಸಂಖ್ಯೆ. ಬೇರೆ ಏರ್ಪಾಡು ಮಾಡಿಕೊಂಡಿಲ್ಲದ ಕೆಲಸವು ಅದನ್ನು ಪಡೆದೊಡನೆ ಕೊನೆಗೊಳ್ಳುತ್ತದೆ. ಇದನ್ನು ಅವಿವೇಕವೆನ್ನಲಾಗದು. ಹಿಂದಿನವನ ಕೆಲಸ ಹಾಗೆಯೇ ಉಳಿದಿದ್ದರೆ, ಅದೇ ತಂತಿಗೆ ಕರೆಮಾಡಿದ ಮುಂದಿನವನು ನೇರವಾಗಿ ಅದರೊಳಕ್ಕೆ ಕಾಲಿಡುತ್ತಿದ್ದನು. ದೂರವಾಣಿ ಹೋಗಿ ಅಂತರ್ಜಾಲ ಬಂದಿತು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಟಾಟು ಯ್ಲೊನೆನ್ ಎಂಬಾತನು 1995ರಲ್ಲಿ ರಚಿಸಿದ ಎಸ್‌ಎಸ್‌ಎಚ್ ಬಂದಿತು. ನಿಯಮ ಮಾತ್ರ ಉಳಿಯಿತು. ನನ್ನ ಲೆಕ್ಕವನ್ನು ಕೊಂದುದು ಇಲ್ಲದ ದೂರವಾಣಿಯ ಈ ಹಳೆಯ ಕಟ್ಟಳೆ.

ಯುನಿಕ್ಸಿನವರಿಗೆ ಈ ತೊಂದರೆ ತಿಳಿಯದೆ ಇರಲಿಲ್ಲ. ‘ನೋಹಪ್’ ಎಂಬ ಆಜ್ಞೆಯೊಡನೆ ಆರಂಭಿಸಿದ ಕೆಲಸವು ಹ್ಯಾಂಗಪ್ಪನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಅದರೊಡನೆ ಮತ್ತೆ ಮಾತುಕತೆಯೂ ಸಾಧ್ಯವಿಲ್ಲ. ಅದು ಕಡತಕ್ಕೆ ಬರೆದಿಟ್ಟುದನ್ನು ಓದಿಕೊಳ್ಳಬಹುದು, ಅಷ್ಟೆ.

ನಿಜವಾದ ದಾರಿ ತೆರೆದುದು ಹುಸಿ ಟರ್ಮಿನಲ್ಲುಗಳಿಂದ. ಯಂತ್ರವಿಲ್ಲದೆ, ತಂತ್ರಾಂಶದಿಂದಲೇ ಟರ್ಮಿನಲ್ಲಿನಂತೆ ನಟಿಸುವ ಈ ಸಾಧನವು ಬರ್ಕ್ಲಿ ವಿಶ್ವವಿದ್ಯಾಲಯದ 1983ರ ಯುನಿಕ್ಸ್ ಆವೃತ್ತಿಯಲ್ಲಿ ದೊರೆಯುತ್ತಿತ್ತು. ಆಲಿವರ್ ಲೌಮನ್ ಮತ್ತು ಕಾರ್ಸ್ಟೆನ್ ಬೊರ್ಮನ್ ಎಂಬಿಬ್ಬರು ಜರ್ಮನರು ರೂಪಿಸಿದ ‘ಸ್ಕ್ರೀನ್’ ನಿಂತಿರುವುದು ಇದರ ಮೇಲೆ. ಕೆಲಸವು ಹುಸಿ ಟರ್ಮಿನಲ್ಲನ್ನೇ ನಿಜವೆಂದು ನಂಬಿ ನಡೆಯುತ್ತದೆ. ಹೊರಗಿನ ತಂತಿ ಕಡಿದಾಗ ಹ್ಯಾಂಗಪ್ ತಟ್ಟುವುದು ಮುಂಬಾಗಿಲಿನಲ್ಲಿ ನಿಂತ ಭಾಗಕ್ಕೆ ಮಾತ್ರ. ಅದರ ಕೈಪಿಡಿಯು ಸ್ಕ್ರೀನನ್ನು ಮೊದಲು ವರ್ಣಿಸುವುದು ಟರ್ಮಿನಲ್ಲನ್ನು ಹಂಚುವ ಸಾಧನವೆಂದು. ಬಿಡಿಸಿಡುವ ಮಾತು ಅನಂತರ ಬರುತ್ತದೆ. ನಗರದ ಪ್ರಯೋಗಾಲಯದಲ್ಲಿ ಕುಳಿತವರಿಗೆ ಆ ಅನುಕ್ರಮ ಸರಿಯೇ ಇರಬಹುದು. ತೆರಕಣಾಂಬಿಯಲ್ಲಿ ಕುಳಿತವನು ಅದನ್ನು ತಿರುವುಮುರುವಾಗಿ ಓದುತ್ತಾನೆ. ಮುಂದಿನ ರಜೆಯಲ್ಲಿ ವಿದ್ಯುತ್ತು ಪುನಃ ಹೋದಾಗ ನಾನು ಗುಂಡ್ಲುಪೇಟೆಯ ಬಸ್ಸು ನಿಲ್ದಾಣದಲ್ಲಿ ಮೊಬೈಲ್ ಫೋನಿನಿಂದ ಅದೇ ಕೆಲಸಕ್ಕೆ ಕೂಡಿಕೊಂಡೆನು. ಲೆಕ್ಕವು ತನ್ನ ಪಾಡಿಗೆ ನಡೆದೇ ಇತ್ತು.

2007ರಲ್ಲಿ ನಿಕೊಲಸ್ ಮ್ಯಾರಿಯಟ್ ಎಂಬಾತನು ‘ಟಿಮಕ್ಸ್’ ಎಂಬ ಹೊಸ ರಚನೆಯನ್ನು ಹೊರತಂದನು. 2009ರಲ್ಲಿ ಓಪನ್‌ಬಿಎಸ್‌ಡಿ ಅದನ್ನು ತನ್ನ ಮೂಲ ವ್ಯವಸ್ಥೆಗೆ ಸೇರಿಸಿಕೊಂಡಿತು. ಸ್ಕ್ರೀನಿಗೆ ಆಜ್ಞೆ ಕೊಡಲು ಕಂಟ್ರೋಲ್ ಕೀಲಿಯೊಡನೆ ‘ಎ’ ಒತ್ತಬೇಕು, ಟಿಮಕ್ಸಿಗೆ ‘ಬಿ’. ಈ ಭೇದಕ್ಕೆ ಕಾರಣ ಸ್ವಾರಸ್ಯವಾಗಿದೆ: ಟಿಮಕ್ಸನ್ನು ಮೊದಲು ಬೆಳೆಸಿದುದೇ ಸ್ಕ್ರೀನಿನ ಒಳಗೆ ಕುಳಿತು. ಹೊಸಬನು ಹಳಬನ ಮನೆಯಲ್ಲಿ ಬೆಳೆದುದರಿಂದ ‘ಎ’ ಅವನ ಪಾಲಿಗೆ ಬರಲಿಲ್ಲ.

ಹಳೆಯ ಕಟ್ಟಳೆ ಇನ್ನೊಮ್ಮೆ ತಲೆಯೆತ್ತಿದುದು 2016ರಲ್ಲಿ. ಲಿನಕ್ಸಿನ ಸಿಸ್ಟಮ್‌ಡಿ ಎಂಬ ನಿರ್ವಾಹಕ ತಂತ್ರಾಂಶದ 230ನೆಯ ಆವೃತ್ತಿಯು, ಬಳಕೆದಾರನು ಹೊರನಡೆದೊಡನೆ ಅವನ ಕೆಲಸಗಳೆಲ್ಲವನ್ನೂ ಕೊನೆಗೊಳಿಸುವುದನ್ನೇ ಸಹಜ ನಡವಳಿಕೆಯಾಗಿ ಮಾಡಿತು. ಸ್ಕ್ರೀನೂ ಟಿಮಕ್ಸೂ ಅದಕ್ಕೆ ಬಲಿಯಾದುವು. ವಾಗ್ವಾದ ಬಲವಾಗಿಯೇ ನಡೆಯಿತು. ಡೆಬಿಯನ್ ಮೊದಲಾದವರು ತಮ್ಮ ವಿತರಣೆಗಳಲ್ಲಿ ಹಿಂದಿನ ಕ್ರಮವನ್ನೇ ಉಳಿಸಿಕೊಂಡರು. ದೂರದ ಗಣಕವೇ ಆರಿ ಮತ್ತೆ ಹೊತ್ತಿಕೊಂಡರೆ ಮಾತ್ರ ಇವೆರಡರಲ್ಲಿ ಯಾವುದೂ ಕಾಯಲಾರದು. ಅದಕ್ಕಾಗಿಯೇ ದೀರ್ಘವಾದ ಲೆಕ್ಕಗಳನ್ನು ನಡೆಸುವವರು ನಡುನಡುವೆ ಫಲಿತಾಂಶಗಳನ್ನು ಕಡತಕ್ಕೆ ಬರೆಸುವ ಹಳೆಯ ಪದ್ಧತಿಯನ್ನು ಈಗಲೂ ಬಿಟ್ಟಿಲ್ಲ.